ನಿಮ್ಮ ವೈಫೈ ಓಣಿಗೆಲ್ಲ ಹಂಚಿಕೆಯಾಗಿದೆಯಾ? ಹೀಗೆ ಬಂದೋಬಸ್ತ್ ಮಾಡಿ

ಧಾರವಾಡದ ಸಪ್ತಾಪುರದ ಕಡೆ ಕೋಚಿಂಗ್‌ಗೆ ಬಂದ ಹುಡುಗರಿಗೆ ಮಹಡಿ ಮೇಲಿನ ರೂಮು ಬಾಡಿಗೆಗೆ ಕೊಟ್ಟ ಮನೆಗಳು ಬಹಳ. ಅಲ್ಲಿ ಆಗುವುದು ಇಷ್ಟೇ. ಒಬ್ಬ ಹುಡುಗ ವೈಫೈ ಪಾಸ್‌ವರ್ಡ್ ಕೇಳುತ್ತಾನೆ, ಪಾಪ ಓದೋ ಹುಡುಗ ಅಂತ ಕೊಡುತ್ತೀರಿ. ಅವನು ಫೋನಿನಲ್ಲಿ 'ಶೇರ್' ಒತ್ತಿದರೆ ಕ್ಯೂಆರ್ ಕೋಡ್ ಬರುತ್ತದೆ, ಎಷ್ಟೋ ಫೋನುಗಳಲ್ಲಿ ಅದರ ಕೆಳಗೇ ಪಾಸ್‌ವರ್ಡ್ ಕೂಡ ಕಾಣಿಸುತ್ತದೆ. ರೂಂಮೇಟ್ ಅದನ್ನು ಸ್ಕ್ಯಾನ್ ಮಾಡುತ್ತಾನೆ, ಅವನ ಗೆಳೆಯನೂ ಮಾಡುತ್ತಾನೆ, ರೂಮು ಬಿಟ್ಟು ಬಾಜೂ ಮನೆಗೆ ಹೋದವನ ಫೋನು ಅಲ್ಲಿಂದಲೇ ತಾನಾಗಿ ಕನೆಕ್ಟ್ ಆಗುತ್ತಲೇ ಇರುತ್ತದೆ. ಇದರಲ್ಲಿ ಹ್ಯಾಕಿಂಗ್ ಏನೂ ಇಲ್ಲ. ನೀವು ಕೊಟ್ಟಿದ್ದೇ ಕೈಯಿಂದ ಕೈಗೆ ದಾಟಿದೆ.

ನೆಟ್ ನಿಧಾನ ಆಗುವುದು ಸಣ್ಣ ತೊಂದರೆ. ದೊಡ್ಡ ತೊಂದರೆ ಬೇರೆ ಇದೆ. 2008ರ ಜುಲೈನಲ್ಲಿ ಅಹಮದಾಬಾದ್ ಸ್ಫೋಟಕ್ಕೆ ಕೆಲವೇ ನಿಮಿಷ ಮೊದಲು ಹೋದ ಬೆದರಿಕೆ ಇಮೇಲ್‌ನ ಜಾಡು ಹಿಡಿದಾಗ ಸಿಕ್ಕಿದ್ದು ನವಿ ಮುಂಬೈನ ಒಂದು ಮನೆಯ ವೈಫೈ. ಯಾರೋ ಹೊರಗಿನವರು ಅದನ್ನು ಬಳಸಿದ್ದರು, ಆದರೆ ಪೊಲೀಸರು ಮೊದಲು ಬಾಗಿಲು ತಟ್ಟಿದ್ದು ಆ ಮನೆಯದ್ದೇ. ಕನೆಕ್ಷನ್ ಯಾರ ಹೆಸರಲ್ಲಿದೆಯೋ ಅವರನ್ನೇ ಮೊದಲು ಕೇಳುತ್ತಾರೆ, ಅಲ್ವಾ?

ಸರಿ, ಕೆಲಸ ಶುರು ಮಾಡೋಣ. ರೂಟರ್ ತಿರುಗಿಸಿ ಹಿಂದಿನ ಅಥವಾ ಅಡಿಯ ಸ್ಟಿಕ್ಕರ್ ನೋಡಿ. 192.168.1.1 ಅಥವಾ 192.168.0.1 ಥರದ ವಿಳಾಸ ಇರುತ್ತದೆ, ಜೊತೆಗೆ ಲಾಗಿನ್ ಹೆಸರು, ಪಾಸ್‌ವರ್ಡ್. ಮನೆಯ ವೈಫೈಗೆ ಕನೆಕ್ಟ್ ಆಗಿ ಆ ವಿಳಾಸವನ್ನು ಬ್ರೌಸರ್‌ನಲ್ಲಿ ಹಾಕಿದರೆ ಸೆಟ್ಟಿಂಗ್ಸ್ ತೆರೆಯುತ್ತದೆ. ಈ ಲಾಗಿನ್ ಪಾಸ್‌ವರ್ಡ್ ಬೇರೆ, ವೈಫೈ ಪಾಸ್‌ವರ್ಡ್ ಬೇರೆ. ಮೊದಲು ಲಾಗಿನ್‌ನದ್ದನ್ನು ಬದಲಿಸಿ. 'ಅಡ್ಮಿನ್' 'ಅಡ್ಮಿನ್' ಅಂತಲೇ ಬಿಟ್ಟಿದ್ದರೆ ನಿಮ್ಮ ವೈಫೈಗೆ ಬಂದ ಯಾರಾದರೂ ಒಳಹೊಕ್ಕು ನಿಮ್ಮನ್ನೇ ಹೊರಗಿಡಬಹುದು.

ಆಮೇಲೆ ವೈರ್‌ಲೆಸ್ ಸೆಕ್ಯುರಿಟಿ ಅನ್ನುವ ಜಾಗಕ್ಕೆ ಹೋಗಿ. ವೈಫೈಗೆ ಬೀಗ ಹಾಕುವ ಬೇರೆ ಬೇರೆ ಪದ್ಧತಿಗಳ ಹೆಸರು ಅಲ್ಲಿರುತ್ತವೆ. ಡಬ್ಲ್ಯುಪಿಎ3 (WPA3) ಇದ್ದರೆ ಅದನ್ನೇ ಆರಿಸಿ. ಹಳೆಯ ಫೋನು ಕನೆಕ್ಟ್ ಆಗದಿದ್ದರೆ ಎಇಎಸ್ ಇರುವ ಡಬ್ಲ್ಯುಪಿಎ2 (WPA2-AES) ಸಾಕು. ಹಳೆಯ ಡಬ್ಲ್ಯುಇಪಿ (WEP) ಮಾತ್ರ ಬೇಡವೇ ಬೇಡ, ಅದನ್ನು ಮುರಿಯುವ ದಾರಿ 2001ರಲ್ಲೇ ಗೊತ್ತಾಗಿದೆ.

ಈಗ ವೈಫೈ ಪಾಸ್‌ವರ್ಡ್. ನಮ್ಮ ಕಡೆ ಮನೆ ಯಜಮಾನರ ಮೊಬೈಲ್ ನಂಬರನ್ನೇ ಇಡುವ ರೂಢಿ ಜಾಸ್ತಿ. ಅದು ಎಷ್ಟು ಕಚ್ಚಾ ಅಂತ ಲೆಕ್ಕ ಹಾಕಿ ನೋಡಿ. ಹತ್ತು ಅಂಕಿ, ಮೊದಲನೆಯದು 6, 7, 8 ಅಥವಾ 9. ಅಂದರೆ ಒಟ್ಟು 400 ಕೋಟಿ ಸಾಧ್ಯತೆ. ಡಬ್ಲ್ಯುಪಿಎ2ನಲ್ಲಿ ನಿಮ್ಮ ಫೋನು ರೂಟರ್‌ಗೆ ಕನೆಕ್ಟ್ ಆಗುವಾಗ ಎರಡರ ನಡುವೆ ಓಡಾಡುವ ಸಂದೇಶವನ್ನು ಹೊರಗೆ ರಸ್ತೆಯಲ್ಲಿ ನಿಂತವನೊಬ್ಬ ಹಿಡಿದುಕೊಂಡರೆ, ಆಮೇಲೆ ಅವನಿಗೆ ನಿಮ್ಮ ಮನೆ ಹತ್ತಿರ ಬರುವ ಅಗತ್ಯವೇ ಇಲ್ಲ. ತನ್ನ ಕಂಪ್ಯೂಟರಿನಲ್ಲೇ ಒಂದೊಂದೇ ನಂಬರ್ ಹಾಕಿ ನೋಡುತ್ತಾನೆ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಲಕ್ಷಗಟ್ಟಲೆ ಪಾಸ್‌ವರ್ಡ್ ಪರೀಕ್ಷೆ ಮಾಡುತ್ತದೆ, ಕೆಲವೇ ಗಂಟೆಯಲ್ಲಿ ನಿಮ್ಮ ನಂಬರ್ ಸಿಕ್ಕಿಬಿಡುತ್ತದೆ. ಪರಿಚಯದವನಾದರೆ ಅಷ್ಟೂ ಬೇಕಿಲ್ಲ, ನಂಬರ್ ಅವನ ಫೋನಿನಲ್ಲೇ ಇದೆ.

ಉದ್ದ ಇದ್ದರೆ ಬಲ ಹೆಚ್ಚು. ಕನಿಷ್ಠ 8 ಅಕ್ಷರ ಬೇಕು, 63ರವರೆಗೆ ಅವಕಾಶ ಇದೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಸಾಲಾಗಿ ಬರೆಯಿರಿ. ಕಂದೀಲು, ಬುತ್ತಿ, ಮೊಸಳೆ, ಟಿಕೆಟ್, ಈ ಥರ. ನಡುವೆ ಒಂದೆರಡು ಅಂಕಿ ಸೇರಿಸಿ. ಅಜ್ಜಿಗೂ ಹೇಳಿಕೊಡಬಹುದು, ಊಹಿಸುವುದು ಮಾತ್ರ ಕಷ್ಟ. ಇಲ್ಲಿ ಬರೆದದ್ದನ್ನೇ ಹಾಕಬೇಡಿ. ಊರ ಹೆಸರು, ಮಕ್ಕಳ ಹೆಸರು, ಹುಟ್ಟಿದ ಇಸವಿ ಬೇಡ.

ಪಾಸ್‌ವರ್ಡ್ ಬದಲಿಸಿದ ಕೂಡಲೇ ಎಲ್ಲರ ಫೋನೂ ಹೊರಬೀಳುತ್ತದೆ. ಟಿವಿ, ಸಿಸಿ ಕ್ಯಾಮೆರಾಕ್ಕೂ ಹೊಸದಾಗಿ ಹಾಕಬೇಕಾಗುತ್ತದೆ. ಬೇಸರದ ಕೆಲಸ, ಆದರೆ ಹಳೆಯ ಹಂಚಿಕೆಯೆಲ್ಲ ಒಂದೇ ಏಟಿಗೆ ಮುಗಿಯುವುದೂ ಹೀಗೇ.

ಬಾಡಿಗೆಯವರಿಗೆ, ನೆಂಟರಿಗೆ ಏನು ಮಾಡುವುದು? ಇಲ್ಲ ಅನ್ನಲು ಮನಸ್ಸಾಗುವುದಿಲ್ಲ, ಅನ್ನಬೇಕಾಗಿಯೂ ಇಲ್ಲ. ಈಗಿನ ಬಹಳಷ್ಟು ರೂಟರ್‌ಗಳಲ್ಲಿ 'ಗೆಸ್ಟ್ ನೆಟ್‌ವರ್ಕ್' ಇದೆ. ಅದಕ್ಕೆ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಕೊಡಿ. ಅಲ್ಲಿ ಬಂದವರಿಗೆ ಇಂಟರ್ನೆಟ್ ಸಿಗುತ್ತದೆ, ಸಾಮಾನ್ಯವಾಗಿ ನಿಮ್ಮ ಕಂಪ್ಯೂಟರ್, ಪ್ರಿಂಟರ್ ಕೈಗೆ ಸಿಗುವುದಿಲ್ಲ. ಆದರೆ ಹೊರಗಿನ ಲೆಕ್ಕದಲ್ಲಿ ಅದೂ ನಿಮ್ಮ ಹೆಸರಿನ ಕನೆಕ್ಷನ್ನೇ. ಹಾಗಾಗಿ ಒಬ್ಬರು ರೂಮು ಖಾಲಿ ಮಾಡಿದಾಗ ಕೀಲಿ ವಾಪಸ್ ಪಡೆಯುವ ದಿನವೇ ಗೆಸ್ಟ್ ಪಾಸ್‌ವರ್ಡ್ ಬದಲಿಸಿಬಿಡಿ.

ಡಬ್ಲ್ಯುಪಿಎಸ್ (WPS), ಅಂದರೆ ಪಾಸ್‌ವರ್ಡ್ ಬದಲು ಬಟನ್ ಒತ್ತಿ ಅಥವಾ ಪಿನ್ ಹಾಕಿ ಕನೆಕ್ಟ್ ಆಗುವ ಸೌಲಭ್ಯ, ಆಫ್ ಮಾಡಿ. ಅದರ ಪಿನ್ ಎಂಟು ಅಂಕಿಯದ್ದಾದರೂ ರೂಟರ್ ಅದನ್ನು ಎರಡು ತುಂಡು ಮಾಡಿ ನೋಡುವುದರಿಂದ ಹೆಚ್ಚೆಂದರೆ 11,000 ಪ್ರಯತ್ನ ಸಾಕು ಅಂತ 2011ರಲ್ಲೇ ಬಯಲಾಗಿದೆ. ಮನೆಯ ಹೊರಗಿನಿಂದ ಇಂಟರ್ನೆಟ್ ಮೂಲಕ ರೂಟರ್ ಸೆಟ್ಟಿಂಗ್ಸ್ ತೆರೆಯಲು ಬಿಡುವ 'ರಿಮೋಟ್ ಮ್ಯಾನೇಜ್‌ಮೆಂಟ್' ಇದ್ದರೆ ಅದನ್ನೂ ಆಫ್ ಮಾಡಿ. ಫರ್ಮ್‌ವೇರ್, ಅಂದರೆ ರೂಟರ್ ಒಳಗಿನ ಸಾಫ್ಟ್‌ವೇರ್‌ಗೆ ಅಪ್‌ಡೇಟ್ ಬಂದಿದ್ದರೆ ಹಾಕಿಕೊಳ್ಳಿ. ವೈಫೈ ಹೆಸರು ಅಡಗಿಸಿಡಿ ಅಂತ ಕೆಲವರು ಹೇಳುತ್ತಾರೆ, ಅದಕ್ಕೆ ಸುಮ್ನೆ ಹೊತ್ತು ಕಳೆಯಬೇಡಿ. ಹುಡುಕುವವನಿಗೆ ಅದು ಸುಲಭವಾಗಿ ಸಿಗುತ್ತದೆ.

ಕೊನೆಗೆ 'ಕನೆಕ್ಟೆಡ್ ಡಿವೈಸಸ್' ಪಟ್ಟಿ ನೋಡಿ. ವಿಚಿತ್ರ ಹೆಸರು, ನಂಬರ್ ಕಂಡರೆ ಗಾಬರಿ ಬೇಡ, ಈಗಿನ ಎಷ್ಟೋ ಫೋನುಗಳು ತಮ್ಮ ನಿಜವಾದ ಮ್ಯಾಕ್ ವಿಳಾಸದ (ಫೋನಿನ ಗುರುತಿನ ಸಂಖ್ಯೆಯ) ಬದಲು ಬೇರೊಂದನ್ನು ತೋರಿಸುತ್ತವೆ. ಮನೆಯವರ ಫೋನುಗಳಲ್ಲಿ ಒಂದೊಂದಾಗಿ ವೈಫೈ ಆಫ್ ಮಾಡಿ, ಟಿವಿ, ಕ್ಯಾಮೆರಾ ಬಂದ್ ಮಾಡಿ. ನೀವು ಪಟ್ಟಿ ನೋಡುತ್ತಿರುವ ಫೋನು ಬಿಟ್ಟು ಆಮೇಲೂ ಉಳಿದದ್ದು ಹೊರಗಿನವರದ್ದಿರಬಹುದು.

ಲಾಗಿನ್ ಪಾಸ್‌ವರ್ಡ್ ಮರೆತರೆ ರೂಟರ್ ಹಿಂದಿನ ಸಣ್ಣ ತೂತಿಗೆ ಪಿನ್ ಚುಚ್ಚಿ ರೀಸೆಟ್ ಮಾಡಬಹುದು. ಆದರೆ ಕನೆಕ್ಷನ್ ಕೊಟ್ಟವರು ತುಂಬಿದ್ದ ಯೂಸರ್ ಐಡಿಯೂ ಅದರಲ್ಲಿ ಅಳಿಸಿಹೋಗಬಹುದು. ಅವರಿಗೊಂದು ಫೋನ್ ಮಾಡಿ, ಅದನ್ನು ಬರೆದಿಟ್ಟುಕೊಂಡ ಮೇಲೆಯೇ ಪಿನ್ ಚುಚ್ಚಿ.