ಕಣ್ಣಿಗೆ ಬೀಳದ ಸಾಕ್ಷಿ ಹುಡುಕೋದು ಹೇಗೆ?

ಅಪರಾಧ ನಡೆದ ಜಾಗ ಅಂದ ಕೂಡಲೇ ರಕ್ತ, ಬೆರಳಚ್ಚು ನೆನಪಾಗುತ್ತದೆ ಅಲ್ವಾ? ಆದರೆ ಎಷ್ಟೋ ಸಲ ಬಾಯಿ ಬಿಡುವುದು ಒಂದು ನೂಲಿನ ಎಳೆ, ಒಂದು ಕೂದಲು, ಸಾಸಿವೆಗಿಂತ ಸಣ್ಣ ಗಾಜಿನ ಚೂರು. ಒಬ್ಬರಿಗೊಬ್ಬರು ತಾಗಿದರೆ ಇವರದ್ದು ಅವರಿಗೆ, ಅವರದ್ದು ಇವರಿಗೆ ಅಂಟುತ್ತದೆ. 1910ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ಪೊಲೀಸ್ ಲ್ಯಾಬ್ ಶುರು ಮಾಡಿದ ಎಡ್ಮಂಡ್ ಲೊಕಾರ್ಡ್ ಕೊಟ್ಟ ಸೂತ್ರ ಇದೇ.

ಮೊದಲ ಕೆಲಸ, ಯಾರನ್ನೂ ಒಳಗೆ ಬಿಡದಿರುವುದು. ಹೋಗಿ ಬರಲು ಒಂದೇ ದಾರಿ, ಕೈಗೆ ಗ್ಲೌಸ್, ಮೈಗೆ ಕವರ್. ಮುಟ್ಟುವ ಮೊದಲೇ ಫೋಟೊ.

ಆಮೇಲೆ ಹುಡುಕಾಟ. ಟಾರ್ಚನ್ನು ಮೇಲಿಂದ ಬಿಟ್ಟರೆ ಏನೂ ಕಾಣಲ್ಲ. ನೆಲಕ್ಕೆ ತಾಗಿಸಿದ ಹಾಗೆ ಅಡ್ಡ ಹಿಡಿಯಬೇಕು, ಆಗ ಒಂದೊಂದು ಎಳೆಯೂ ಉದ್ದ ನೆರಳು ಚೆಲ್ಲಿ ಎದ್ದು ಕಾಣುತ್ತದೆ. ಕಂಡದ್ದನ್ನು ಚಿಮುಟದಿಂದ ಎತ್ತಿ. ಕಾಣದ್ದಕ್ಕೆ ಅಂಟು ಟೇಪ್ ಒತ್ತಿ ತೆಗೆಯಿರಿ. ವ್ಯಾಕ್ಯೂಮ್ ಕೊನೆಗೆ, ಯಾಕಂದ್ರೆ ಅದು ವರ್ಷಗಳ ಕಸವನ್ನೂ ಇವತ್ತಿನ ಸಾಕ್ಷಿಯನ್ನೂ ಒಟ್ಟಿಗೆ ಎಳೆದುಕೊಳ್ಳುತ್ತದೆ. ಶಂಕಿತನ ಬಟ್ಟೆಯನ್ನಂತೂ ಬೇಗ ಪಡೆಯಬೇಕು. ಅಂಟಿದ ಎಳೆಗಳಲ್ಲಿ ಹೆಚ್ಚಿನವು ಓಡಾಡುತ್ತಾ ಕೆಲವೇ ಗಂಟೆಗಳಲ್ಲಿ ಉದುರಿಹೋಗುತ್ತವೆ.

ಕೇಸು ಹಾಳಾಗುವುದು ಜಾಸ್ತಿ ಪ್ಯಾಕಿಂಗ್‌ನಲ್ಲೇ ಅನ್ನುವುದು ನನ್ನ ಅಭಿಪ್ರಾಯ. ಸಣ್ಣ ಚೂರುಗಳನ್ನು ಸುಮ್ನೆ ಲಕೋಟೆಗೆ ಹಾಕಿದರೆ ಮೂಲೆಯಿಂದ ಸೋರುತ್ತವೆ, ಹಾಗಾಗಿ ಕಾಗದವನ್ನು ಪುಡಿಯ ಪೊಟ್ಟಣದಂತೆ ಮಡಚಿ ಅದರೊಳಗಿಟ್ಟು ಮೇಲೆ ಲಕೋಟೆ. ರಕ್ತವಾದ ಬಟ್ಟೆಯನ್ನು ಒಣಗಿಸಿ ಕಾಗದದ ಚೀಲಕ್ಕೆ ಹಾಕಬೇಕು. ಪ್ಲಾಸ್ಟಿಕ್‌ನಲ್ಲಿಟ್ಟರೆ ಬೂಸ್ಟು ಹಿಡಿಯುತ್ತದೆ. ಸತ್ತವರ ಬಟ್ಟೆ, ಶಂಕಿತನ ಬಟ್ಟೆ ಎರಡನ್ನೂ ಒಂದೇ ಮೇಜಿನ ಮೇಲೆ ಬಿಚ್ಚಿದರೆ ಮುಗಿಯಿತು, ಎಳೆ ದಾಟಿದ್ದು ಅಪರಾಧದ ಹೊತ್ತಿನಲ್ಲೋ ಮೇಜಿನ ಮೇಲೋ ಅಂತ ವಕೀಲರು ಕೇಳಿಯೇ ಕೇಳುತ್ತಾರೆ.

ಲ್ಯಾಬಿನಲ್ಲಿ ಹೋಲಿಸುವ ಕೆಲಸ. ಗಾಜಿನ ಚೂರನ್ನು ಎಣ್ಣೆಯಲ್ಲಿ ಮುಳುಗಿಸಿ ಮೈಕ್ರೋಸ್ಕೋಪಿನಡಿ ನಿಧಾನಕ್ಕೆ ಬಿಸಿ ಮಾಡುತ್ತಾರೆ. ಒಂದು ಹಂತದಲ್ಲಿ ಎಣ್ಣೆಯೂ ಗಾಜೂ ಬೆಳಕನ್ನು ಒಂದೇ ಸಮನೆ ಬಾಗಿಸಿದಾಗ ಚೂರಿನ ಅಂಚು ಮಾಯವಾಗಿಬಿಡುತ್ತದೆ! ಆ ಬಿಸಿಯ ಮಟ್ಟ ಬರೆದಿಟ್ಟುಕೊಂಡು, ಒಡೆದ ಕಿಟಕಿಯ ಗಾಜಿಗೂ ಹೀಗೇ ಮಾಡಿ ತಾಳೆ ನೋಡುತ್ತಾರೆ. ಕೂದಲಿನಲ್ಲಿ ಬುಡ ಇದ್ದರೆ ಡಿಎನ್ಎ ಸುಲಭ. ಬುಡವಿಲ್ಲದಿದ್ದರೆ ಸಾಮಾನ್ಯವಾಗಿ ತಾಯಿಯ ಕಡೆಯಿಂದ ಬರುವ ಮೈಟೊಕಾಂಡ್ರಿಯಾದ (ಜೀವಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಭಾಗ) ಡಿಎನ್ಎಯೇ ಗತಿ, ಅದು ಒಬ್ಬರನ್ನೇ ಬೆಟ್ಟು ಮಾಡಿ ತೋರಿಸಲ್ಲ.

ತಾಳೆ ಆಯಿತು ಅಂದ ಮಾತ್ರಕ್ಕೆ ಕುಣಿಯಬೇಡಿ. ಜೀನ್ಸಿನ ನೀಲಿ ಹತ್ತಿ ಎಳೆ ಎಲ್ಲರ ಮನೆಯಲ್ಲೂ ಇರುತ್ತದೆ, ಅದಕ್ಕೆ ಬೆಲೆ ಕಮ್ಮಿ. ಅಮೆರಿಕದ ಅಟ್ಲಾಂಟಾದಲ್ಲಿ ವೇಯ್ನ್ ವಿಲಿಯಮ್ಸ್‌ಗೆ ಕೊಲೆ ಕೇಸಿನಲ್ಲಿ 1982ರಲ್ಲಿ ಶಿಕ್ಷೆಯಾದಾಗ ತೂಕ ಬಂದದ್ದು ಅವನ ಮನೆಯ ಕಾರ್ಪೆಟ್ಟಿನ ಹಸಿರು ಎಳೆಗೆ. ಅದರ ಆಕಾರವೇ ಅಪರೂಪದ್ದಾಗಿತ್ತು.

ಸಾಕ್ಷಿ ಹುಡುಕುವವರೇ ಸಾಕ್ಷಿ ತಂದಿಟ್ಟದ್ದೂ ಉಂಟು. ಜರ್ಮನಿ, ಆಸ್ಟ್ರಿಯಾ, ಫ್ರಾನ್ಸ್‌ಗಳ ಸುಮಾರು 40 ಕಡೆ ಒಬ್ಬಳೇ ಹೆಂಗಸಿನ ಡಿಎನ್ಎ ಸಿಕ್ಕಿ ಪೊಲೀಸರು ವರ್ಷಗಟ್ಟಲೆ ಅವಳ ಬೆನ್ನು ಬಿದ್ದಿದ್ದರು. 2009ರಲ್ಲಿ ಗುಟ್ಟು ಬಯಲಾಯಿತು: ಅದು ಮಾದರಿ ಒರೆಸುವ ಹತ್ತಿ ಕಡ್ಡಿಗಳ ತಯಾರಿಕೆಯಲ್ಲಿ ಕೆಲಸಕ್ಕಿದ್ದವಳದ್ದು. ಕಡ್ಡಿಗಳಲ್ಲಿ ರೋಗಾಣು ಇರಲಿಲ್ಲ ನಿಜ, ಡಿಎನ್ಎ ಇತ್ತು. ಅದಕ್ಕೇ ಬಳಸದ ಒಂದು ಕಡ್ಡಿಯನ್ನೂ ಜೊತೆಗೇ ಲ್ಯಾಬಿಗೆ ಕಳಿಸಿ.