ಕಾಮಿಕ್ಸ್ ಬಲೂನಿಗೆ ಬಾಲ ಬಿಡಿಸುವುದು ಹೇಗೆ?

ಚಿತ್ರ ಚೆನ್ನಾಗಿರುತ್ತದೆ. ಅಜ್ಜಿಯ ಮೂಗುತಿ, ಬೆಕ್ಕಿನ ಮೀಸೆ, ಎಲ್ಲ ಸರಿ. ಆಮೇಲೆ ಅಜ್ಜಿಯ ತಲೆ ಮೇಲೆ ಮೊಟ್ಟೆಯಂಥ ಮಾತಿನ ಬಲೂನೊಂದು ಬಂದು ಕೂರುತ್ತದೆ. ಅದರೊಳಗೆ ಅಕ್ಷರಗಳು ಸಿಟಿ ಬಸ್ಸಿನಲ್ಲಿ ನಿಂತವರ ಹಾಗೆ ಒತ್ತಿಕೊಂಡಿರುತ್ತವೆ. ಮಾತು ಯಾರದೆಂದು ತೋರಿಸಬೇಕಾದ ಅದರ ಬಾಲ ಬೆಕ್ಕಿನ ಕಡೆ ತಿರುಗಿರುತ್ತದೆ! ಮಕ್ಕಳ ಬೇಸಿಗೆ ಶಿಬಿರಕ್ಕೆ ಕಾಮಿಕ್ಸ್ ಹೇಳಿಕೊಡಲು ಹೋದಾಗಲೆಲ್ಲ ನನಗೆ ಕಾಣುವುದು ಇದೇ. ಈ ವಿಷಯದಲ್ಲಿ ದೊಡ್ಡವರೂ ಕಮ್ಮಿಯಿಲ್ಲ.

ನಾನು ಬಳಸುವುದು ಜಿಂಪ್ ಎಂಬ ಚಿತ್ರ ತಿದ್ದುವ ಸಾಫ್ಟ್‌ವೇರ್. ಪುಕ್ಕಟೆ ಸಿಗುತ್ತದೆ, ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಕೂರಿಸುತ್ತದೆ. ಹಳೆಯ ಫೋಟೋಶಾಪ್‌ಗಳಲ್ಲಿ ‘ಅಕ್ಕ’ ಅಂತ ಬರೆದರೆ ‘ಅಕ್‌ಕ’ ಆಗಿಬಿಡುತ್ತಿತ್ತು. ನಿಮಗೂ ಹಾಗಾದರೆ ಫೋಟೋಶಾಪ್‌ನ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಅಥವಾ ‘ವರ್ಲ್ಡ್ ರೆಡಿ ಲೇಔಟ್’ ಇದೆಯೇ ನೋಡಿ.

1. ಚಿತ್ರ ತೆರೆಯಿರಿ. ಅಚ್ಚಿಗೆ ಹೋಗುವುದಾದರೆ 300 ಡಿಪಿಐ (ಅಂಗುಲಕ್ಕೆ 300 ಚುಕ್ಕಿ) ಇರಲಿ. ಎ4 ಪುಟಕ್ಕೆ ಅದು 2480 × 3508 ಪಿಕ್ಸೆಲ್. ಚಿತ್ರದ ಲೇಯರ್‌ಗೆ, ಅಂದರೆ ಒಂದರ ಮೇಲೊಂದು ಕೂರುವ ಹಾಳೆಯಂಥ ಪದರಕ್ಕೆ, ಬೀಗ ಹಾಕಿ.

2. ಮೊದಲು ಮಾತು ಬರೆಯಿರಿ. ಬಲೂನು ಆಮೇಲೆ. ಬಲೂನು ಬಿಡಿಸಿ ಅದರೊಳಗೆ ಮಾತು ತುರುಕಲು ಹೋದವರು ಕೊನೆಗೆ ಅಕ್ಷರವನ್ನೇ ಇರುವೆ ಗಾತ್ರ ಮಾಡುತ್ತಾರೆ. ಸಾಲು ಎಲ್ಲಿ ಮುರಿಯಬೇಕು ಎಂದು ನೀವೇ ನಿರ್ಧರಿಸಿ, ಸಾಫ್ಟ್‌ವೇರ್‌ಗೆ ಬಿಡಬೇಡಿ. ಮೇಲೆ ಕೆಳಗೆ ಚಿಕ್ಕ ಸಾಲು, ನಡುವೆ ಉದ್ದದ ಸಾಲು ಬಂದರೆ ಬಲೂನಿನೊಳಗೆ ಹದವಾಗಿ ಕೂರುತ್ತದೆ:

ನೀನು ನಿನ್ನೆಯೇ
ಹೋಗಬೇಕಾಗಿತ್ತಲ್ಲ
ಮಾರಾಯ!

ನಮ್ಮ ಪದಗಳು ಉದ್ದ. ಅದಕ್ಕೇ ಕನ್ನಡದ ಬಲೂನು ಸ್ವಲ್ಪ ಅಗಲವಾಗಿಯೇ ಇರಬೇಕು. ಒತ್ತುಗಳು ಬೇರೆ ಕೆಳಗೆ ಇಳಿಬೀಳುತ್ತವೆ. ‘ರಾಷ್ಟ್ರ’ದ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯದಷ್ಟು ಸಾಲಿನ ಅಂತರ ಹೆಚ್ಚಿಸಿ. ಫಾಂಟ್ ಕೇಳಿದರೆ ಕಣ್ಣು ಮುಚ್ಚಿಕೊಂಡು ‘ಬಲೂ ತಮ್ಮ’ ಎನ್ನುತ್ತೇನೆ. ಗುಂಡಗಿದೆ, ದಪ್ಪಗಿದೆ, ಉಚಿತವಾಗಿದೆ. ಪತ್ರಿಕೆಯ ಸುದ್ದಿಗೆ ಹಾಕುವ ತೆಳ್ಳನೆ ಅಕ್ಷರ ಇಲ್ಲಿ ಬೇಡ. ‘ನುಡಿ’ ಸಾಫ್ಟ್‌ವೇರ್‌ನ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ತಂದು ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಸ ಸಿಗುತ್ತದೆ, ಯೂನಿಕೋಡ್‌ಗೆ ಬದಲಿಸಿಕೊಳ್ಳಿ.

3. ಮಾತಿನ ಲೇಯರ್ ಕೆಳಗೆ ಹೊಸ ಖಾಲಿ ಲೇಯರ್. ಮೊಟ್ಟೆಯಾಕಾರದ ಜಾಗ ಆರಿಸುವ (ಸೆಲೆಕ್ಷನ್ ಮಾಡುವ) ಎಲಿಪ್ಸ್ ಸೆಲೆಕ್ಟ್ ಟೂಲ್ ತೆಗೆದುಕೊಂಡು ಮಾತಿನ ಸುತ್ತ ಎಳೆಯಿರಿ. ಸುತ್ತ ಒಂದು ಅಕ್ಷರ ಹಿಡಿಸುವಷ್ಟು ಜಾಗ ಬಿಡಿ. ಎಂಟರ್ ಒತ್ತಿ. ಬಣ್ಣ ಈಗಲೇ ತುಂಬಬೇಡಿ.

4. ಬಾಲ. ಜನ ಎಡವುವುದು ಇಲ್ಲೇ. ಬಲೂನಿಗೆ ಬಣ್ಣ ತುಂಬಿ, ಗೆರೆ ಎಳೆದು ಮುಗಿಸಿ, ಆಮೇಲೆ ಒಂದು ತ್ರಿಕೋನ ತಂದು ಅಂಟಿಸುತ್ತಾರೆ. ನಡುವೆ ಗೆರೆ ಉಳಿಯುತ್ತದೆ. ಅದನ್ನು ರಬ್ಬರಿನಿಂದ ಅಳಿಸಲು ಹೋಗಿ ಬಲೂನೇ ತೂತಾಗುತ್ತದೆ. ಬಲೂನು, ಬಾಲ ಎರಡೂ ಒಂದೇ ಸೆಲೆಕ್ಷನ್ ಆಗಿರಬೇಕು, ಅಷ್ಟೇ.

ಅದಕ್ಕೆ ಚುಕ್ಕಿ ಇಟ್ಟು ಗೆರೆ (ಪಾತ್) ಎಳೆಯುವ ಪಾತ್ಸ್ ಟೂಲ್ ಬೇಕು. ಮೂರೇ ಕ್ಲಿಕ್ಕು. ಮೊದಲನೆಯದು ಬಲೂನಿನ ಅಂಚು ದಾಟಿ ಚೆನ್ನಾಗಿ ಒಳಗೆ. ಎರಡನೆಯದು ಬಾಲದ ತುದಿಯಲ್ಲಿ. ಮೂರನೆಯದು ಮತ್ತೆ ಒಳಗೆ, ಮೊದಲನೆಯದರ ಪಕ್ಕದಲ್ಲಿ. ಬುಡ ಒಂದು ಅಕ್ಷರದಷ್ಟು ಅಗಲ ಇದ್ದರೆ ಸಾಕು. ಜಾಸ್ತಿಯಾದರೆ ಬಾಲ ಹೋಗಿ ಸೊಂಡಿಲು ಆಗುತ್ತದೆ.

ತುದಿ ಎಲ್ಲಿ? ಬಾಯಿಯ ಕಡೆ. ತಲೆಯ ಕಡೆ ಅಲ್ಲ, ಎದೆಯ ಕಡೆಯಂತೂ ಅಲ್ಲವೇ ಅಲ್ಲ. ಆದರೆ ಬಾಯಿಗೆ ತಾಗಬಾರದು, ಅಜ್ಜಿ ಸ್ಟ್ರಾ ಹಾಕಿ ಏನೋ ಕುಡಿಯುತ್ತಿರುವ ಹಾಗೆ ಕಾಣುತ್ತದೆ. ಬಲೂನಿನಿಂದ ಬಾಯಿಗೆ ಹೋಗುವ ದಾರಿಯಲ್ಲಿ ಅರ್ಧ ದಾಟಿ ನಿಲ್ಲಿಸಿ. ಉಳಿದದ್ದನ್ನು ಓದುವವರ ಕಣ್ಣೇ ತುಂಬಿಕೊಳ್ಳುತ್ತದೆ.

ಈಗ ಎರಡೂ ಗೆರೆಗಳನ್ನು ನಡುವಿನಲ್ಲಿ ಹಿಡಿದು ಒಂದೇ ಕಡೆಗೆ ಚೂರು ಎಳೆಯಿರಿ, ಬಾಲ ಬಾಗುತ್ತದೆ. ಆಮೇಲೆ ಟೂಲ್ ಆಪ್ಷನ್ಸ್‌ನಲ್ಲಿ ಪಾತ್‌ನಿಂದ ಸೆಲೆಕ್ಷನ್ ಮಾಡುವ ಬಟನ್ ಇದೆ. ಶಿಫ್ಟ್ ಹಿಡಿದುಕೊಂಡೇ ಅದನ್ನು ಒತ್ತಿ. ಶಿಫ್ಟ್ ಮರೆತರೆ ಬಲೂನು ಮಾಯ, ಬಾಲ ಮಾತ್ರ ಉಳಿಯುತ್ತದೆ. ಗಾಬರಿ ಬೇಡ, ಕಂಟ್ರೋಲ್ ಝಡ್ ಇದೆ.

5. ಪೂರ್ತಿ ಸೆಲೆಕ್ಷನ್‌ಗೆ ಕಪ್ಪು ತುಂಬಿ. ಸೆಲೆಕ್ಟ್ ಮೆನುವಿನ ಶ್ರಿಂಕ್‌ನಲ್ಲಿ 4 ಪಿಕ್ಸೆಲ್ ಕುಗ್ಗಿಸಿ ಬಿಳಿ ತುಂಬಿ. ಗೆರೆ ತಾನಾಗಿಯೇ ಬಂತು ಅಲ್ವಾ? ಸ್ಟ್ರೋಕ್ ಸೆಲೆಕ್ಷನ್‌ನಿಂದಲೂ ಗೆರೆ ಎಳೆಯಬಹುದು. ನನಗೆ ಹಿಡಿಸುವುದು ಈ ಕಪ್ಪು ಬಿಳುಪಿನ ದಾರಿಯೇ, ಬಾಲದ ತುದಿ ಚೂಪಾಗಿ ಉಳಿಯುತ್ತದೆ. ಪುಟದ ಎಲ್ಲ ಬಲೂನಿಗೂ ಅದೇ 4 ಇರಲಿ.

ಇಷ್ಟೆಲ್ಲ ಯಾಕೆ, ರೆಡಿಮೇಡ್ ಬಲೂನು ಇಳಿಸಿಕೊಂಡರಾಯಿತಲ್ಲ ಎನ್ನುವವರಿದ್ದಾರೆ. ನಾನೂ ಇಳಿಸಿಕೊಂಡಿದ್ದೆ. ‘ಹಿನ್ನೆಲೆ ಇಲ್ಲದ ಪಿಎನ್‌ಜಿ’ ಎಂದಿತ್ತು, ತೆರೆದರೆ ಹಿಂದೆ ಚದುರಂಗದ ಮನೆಗಳೂ ಚಿತ್ರದಲ್ಲೇ ಅಚ್ಚಾಗಿದ್ದವು. ಸರಿ ಇದ್ದದ್ದನ್ನು ಅಗಲಕ್ಕೆ ಎಳೆದರೆ ಗೆರೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ.

ಒಂದೇ ಚೌಕದಲ್ಲಿ ಇಬ್ಬರು ಮಾತಾಡಿದರೆ ಮೊದಲು ಮಾತಾಡಿದವರ ಬಲೂನು ಎಡಕ್ಕೆ, ಸ್ವಲ್ಪ ಮೇಲೆ. ಬಾಲಗಳು ಒಂದನ್ನೊಂದು ದಾಟಬಾರದು. ಹಾಗಾಗಿ ಮೊದಲು ಮಾತಾಡುವವರನ್ನು ಎಡಗಡೆಯೇ ನಿಲ್ಲಿಸಿ ಚಿತ್ರ ಬರೆಯಿರಿ. ಮನಸ್ಸಿನ ಮಾತಿಗೆ ಬಾಲದ ಬದಲು ಮೂರು ಗುಳ್ಳೆ, ಕಿರುಚಾಟಕ್ಕೆ ಮುಳ್ಳು ಮುಳ್ಳಾದ ಅಂಚು, ಪಿಸುಮಾತಿಗೆ ತುಂಡು ಗೆರೆ.

6. ಲೇಯರ್‌ಗಳನ್ನು ಹಾಗೇ ಇಟ್ಟುಕೊಳ್ಳುವ ಜಿಂಪ್‌ನ ಸ್ವಂತ ಫೈಲ್ ಎಕ್ಸ್‌ಸಿಎಫ್ ಆಗಿ ಉಳಿಸಿ, ಪಿಎನ್‌ಜಿ ಆಗಿ ಎಕ್ಸ್‌ಪೋರ್ಟ್ ಮಾಡಿ. ಜೆಪೆಗ್ ಅನ್ನು ಜಾಸ್ತಿ ಕುಗ್ಗಿಸಿದರೆ ಅಕ್ಷರಗಳ ಸುತ್ತ ಕೊಳೆ ಹಿಡಿದಂತಾಗುತ್ತದೆ. ಎಕ್ಸ್‌ಸಿಎಫ್ ಅಳಿಸಬೇಡಿ, ಕಾಗುಣಿತದ ತಪ್ಪು ಕಣ್ಣಿಗೆ ಬೀಳುವುದು ಯಾವಾಗಲೂ ಎಲ್ಲರಿಗೂ ಕಳಿಸಿದ ಮೇಲೆಯೇ.