ಬೋರ್ಡ್ ಸತ್ತರೂ ಬಿಲ್ಲಿಂಗ್ ನಿಲ್ಲಲಿಲ್ಲ

ಚಿಕ್ಕಮಗಳೂರಿನಲ್ಲಿ ನಮ್ಮದೊಂದು ಕಾಫಿಪುಡಿ ಅಂಗಡಿ. ಮೊನ್ನೆ ಗುಡುಗು ಮಳೆಗೆ ಕರೆಂಟ್ ಹೋಗಿ ಬಂತು, ಬಿಲ್ಲಿಂಗ್ ಕಂಪ್ಯೂಟರ್ ಮಾತ್ರ ಏಳಲಿಲ್ಲ. (ಯುಪಿಎಸ್ ಬ್ಯಾಟರಿ ಸತ್ತು ಆರು ತಿಂಗಳಾಗಿತ್ತು, ತಪ್ಪು ನನ್ನದೇ.) ಬೇರೆ ಎಸ್‌ಎಂಪಿಎಸ್ (ಒಳಗೆ ಕರೆಂಟ್ ಕೊಡುವ ಡಬ್ಬಿ) ಹಾಕಿ ನೋಡಿದೆ, ಫ್ಯಾನ್ ಕೂಡ ತಿರುಗಲಿಲ್ಲ. ಮದರ್‌ಬೋರ್ಡೇ ಹೋಗಿತ್ತು. ರಿಪೇರಿಯವರು "ನಾಲ್ಕು ದಿನ ಆಗುತ್ತೆ ಸಾರ್" ಅಂದರು.

ಮನೆಯಲ್ಲಿ ಮಗಳ ಹಳೇ ಕಂಪ್ಯೂಟರ್ ಸುಮ್ನೆ ಬಿದ್ದಿತ್ತು. ವಿಂಡೋಸ್ 10 ಹೊಸದಾಗಿ ಹಾಕುತ್ತಾ ಕೂರುವ ಬದಲು, ಅಂಗಡಿಯ ಕಂಪ್ಯೂಟರಿನ ಎಸ್‌ಎಸ್‌ಡಿಯನ್ನೇ (ವಿಂಡೋಸ್, ಡೇಟಾ ಎಲ್ಲ ಇರುವ ಡಿಸ್ಕ್) ಬಿಚ್ಚಿ ಅದಕ್ಕೆ ಸಿಕ್ಕಿಸಿದೆ. ಆನ್ ಮಾಡಿದರೆ ನೀಲಿ ಪರದೆ: 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್', ಅಂದರೆ ವಿಂಡೋಸ್ ಇರುವ ಡಿಸ್ಕ್ ಸಿಗುತ್ತಿಲ್ಲ ಅಂತ. ಎದೆ ಧಸಕ್ಕೆಂದಿತು. ಡಿಸ್ಕೂ ಹೋಯ್ತಾ?

ಹೋಗಿರಲಿಲ್ಲ. ಈ ಕಂಪ್ಯೂಟರಿನ ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಬರುವ ಸೆಟ್ಟಿಂಗ್) ಸಾಟಾ ಮೋಡ್, ಅಂದರೆ ಡಿಸ್ಕ್ ಜೊತೆ ಮಾತಾಡುವ ರೀತಿ, ರೇಡ್ ಅಂತಿತ್ತು. ಅಂಗಡಿಯದು ಎಎಚ್‌ಸಿಐ. ಅದನ್ನೊಂದು ಬದಲಿಸಿ, ಸೇವ್ ಮಾಡಿ ಹೊರಬಂದೆ. 'ಗೆಟಿಂಗ್ ಡಿವೈಸಸ್ ರೆಡಿ' ಅಂತ ಸ್ವಲ್ಪ ಹೊತ್ತು ಸತಾಯಿಸಿ, ಒಂದು ಸಲ ತಾನೇ ರೀಸ್ಟಾರ್ಟ್ ಆಗಿ, ಅದೇ ಮುಳ್ಳಯ್ಯನಗಿರಿ ಚಿತ್ರದ ಡೆಸ್ಕ್‌ಟಾಪ್ ಬಂತು. ಮೊದಲು ಬಿಲ್ಲಿಂಗ್ ಡೇಟಾವನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡೆ.

ಲ್ಯಾನ್ ಡ್ರೈವರ್ (ಕೇಬಲ್ ನೆಟ್ ನಡೆಸುವ ತಂತ್ರಾಂಶ) ಇರಲಿಲ್ಲ. ಮೊಬೈಲನ್ನು ಯುಎಸ್‌ಬಿಗೆ ಸಿಕ್ಕಿಸಿ ಟೆದರಿಂಗ್ (ಮೊಬೈಲ್ ನೆಟ್ ಕಂಪ್ಯೂಟರಿಗೆ ಕೊಡುವುದು) ಆನ್ ಮಾಡಿದೆ, ವಿಂಡೋಸ್ ತಾನೇ ಇಳಿಸಿಕೊಂಡಿತು. ವಿಂಡೋಸ್ ಆಕ್ಟಿವೇಶನ್ (ಲೈಸೆನ್ಸ್ ಖಾತ್ರಿ) ಕೇಳುತ್ತಿದೆ, ಅದು ಆಮೇಲೆ. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಹಾಕಿದವರು ಮಾತ್ರ 48 ಅಂಕಿಯ ರಿಕವರಿ ಕೀ ಕೈಯಲ್ಲಿಟ್ಟುಕೊಂಡೇ ಡಿಸ್ಕ್ ಬಿಚ್ಚಿ, ಇಲ್ಲದಿದ್ದರೆ ಒಳಗೆ ಹೋಗಲು ಆಗಲ್ಲ.

ಬೆಳಗ್ಗೆ ಒಂಬತ್ತಕ್ಕೆ ಅಂಗಡಿ ತೆಗೆದೆ. ಮೊದಲ ಬಿಲ್ಲು, ಅರ್ಧ ಕೇಜಿ, ಚಿಕೋರಿ ಇಲ್ಲದ್ದು.